ಡಬ್ಬಗಳ್ಳಿಯ ಎರಡು ಪ್ರಭೇದಗಳು ಮತ್ತು ಕೆಂಪು ಬಣ್ಣದ ಹುಳು

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ರಸ್ತೆಯಲ್ಲಾಗಲಿ, ಆಳಂದದ ಬರಡು ದಿಣ್ಣೆಗಳ ಮೇಲಾಗಲಿ, ಜೇವರ್ಗಿಯ ಎರೆಹೊಲಗಳ ಬದುಗಳಲ್ಲಾಗಲಿ ಓಡಾಡಿದವರಿಗೆ ಡಬ್ಬಗಳ್ಳಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ದಕ್ಷಿಣ ಕರ್ನಾಟಕದವರು ಇದನ್ನು ಪಾಪಾಸುಕಳ್ಳಿ ಎನ್ನುತ್ತಾರೆ. ಪಾಪಾಸು ಎಂದರೆ ಚಪ್ಪಲಿ. ಇದು ಪಾರಸಿಯಿಂದ ಬಂದ ಮಾತು. ಒಂದರ ಮೇಲೊಂದು ಚಪ್ಪಲಿ ಜೋಡಿಸಿಟ್ಟಂತೆ ಕಾಣುವ ಗಿಡಕ್ಕೆ ಇದಕ್ಕಿಂತ ಸರಿಯಾದ ಹೆಸರು ಸಿಗಲಾರದು.

ಕೆಲವು ವರ್ಷಗಳ ಹಿಂದೆ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕಾಗಿ ವಿದ್ಯಾರ್ಥಿಗಳೊಂದಿಗೆ ಭೀಮಾ ತೀರದ ಒಂದು ಹಳ್ಳಿಯಲ್ಲಿದ್ದೆ. ಊರ ಹೊರಗಿನ ಹಳೆಯ ಬೇಲಿಯಲ್ಲಿ ಡಬ್ಬಗಳ್ಳಿಯ ಹಲವು ಹಲಗೆಗಳ ಮೇಲೆ ಅರಳೆಯ ಚೂರು ಅಂಟಿಸಿದಂತೆ ಬಿಳಿಯ ಮಚ್ಚೆಗಳಿದ್ದವು. ಕುರಿ ಕಾಯುತ್ತಿದ್ದ ಮುತ್ಯಾ ಒಬ್ಬರನ್ನು ಕೇಳಿದರೆ "ಅದಕ್ಕ ಬೂದಿ ಬಿದ್ದದ್ರಿ ಸರ್" ಎಂದರು. ಒಬ್ಬ ವಿದ್ಯಾರ್ಥಿನಿ ಕಡ್ಡಿಯಿಂದ ಒಂದು ಮಚ್ಚೆಯನ್ನು ಕೆರೆದು ಬೆರಳಿನಲ್ಲಿ ಒತ್ತಿದಳು. ಬೆರಳು ಕೆಂಪಾಯಿತು. ಮುಳ್ಳು ಚುಚ್ಚಿ ರಕ್ತ ಬಂತೆಂದು ಗಾಬರಿಗೊಂಡಳು. ಅದು ಅವಳ ರಕ್ತವಲ್ಲ, ಬೂದಿಯೂ ಅಲ್ಲ. ಆ ಬಿಳಿ ಮೇಣದೊಳಗೆ ಒಂದು ಹೆಣ್ಣು ಹುಳು ಕುಳಿತಿತ್ತು. ಆ ಹುಳು ಅಲ್ಲಿಗೆ ಬಂದದ್ದರ ಹಿಂದೆ ಎರಡು ಶತಮಾನಗಳ ಚರಿತ್ರೆಯಿದೆ. ಎರಡು ಹತ್ತಿರದ ಸಸ್ಯಗಳನ್ನು ಒಂದೇ ಎಂದು ತಿಳಿದುದರಿಂದ ಏನೇನಾಯಿತು ಎಂಬುದೇ ಆ ಚರಿತ್ರೆಯ ಹೂರಣ.

ನಾನು ಭೌತವಿಜ್ಞಾನದವನು. ಗಿಡದ ಮುಳ್ಳನ್ನು ಎಣಿಸಬೇಕು ಎಂಬುದನ್ನು ನನಗೆ ಕಲಿಸಿದವರು ಸಸ್ಯವಿಜ್ಞಾನ ವಿಭಾಗದ ಮಿತ್ರರು. ಈ ಲೇಖನದಲ್ಲಿ ಸರಿ ಎನಿಸಿದ್ದೆಲ್ಲ ಅವರ ಪಾಠದ ಫಲ.

ಕಳ್ಳಿ ಎಂಬ ಹೆಸರು

ಕನ್ನಡದಲ್ಲಿ ಕಳ್ಳಿ ಎಂಬುದು ಹಳೆಯ ಮಾತು. ಎಲೆಗಳ್ಳಿ, ಚದುರಗಳ್ಳಿ ಮುಂತಾದವು ಈ ನೆಲದವೇ ಆದ ಗಿಡಗಳು. ಇವು ಯೂಫೋರ್ಬಿಯ ಕುಲಕ್ಕೆ ಸೇರಿದವು. ಗೀರಿದರೆ ಬಿಳಿ ಹಾಲು ಸುರಿಯುತ್ತದೆ. ಡಬ್ಬಗಳ್ಳಿಯಾದರೋ ಕ್ಯಾಕ್ಟೇಸಿ ಕುಟುಂಬದ್ದು. ಈ ಕುಟುಂಬದ ಬಹುತೇಕ ಎಲ್ಲ ಸಸ್ಯಗಳೂ ಅಮೆರಿಕ ಖಂಡದವು. ಕೊಲಂಬಸನ ನೌಕಾಯಾನಕ್ಕೆ ಮೊದಲು ನಮ್ಮ ದೇಶದಲ್ಲಿ ಡಬ್ಬಗಳ್ಳಿ ಇರಲಿಲ್ಲ. ಹೊಸ ಗಿಡವನ್ನು ಕಂಡ ಜನ ಹಳೆಯ ಹೆಸರನ್ನೇ ಅದಕ್ಕೆ ಅಂಟಿಸಿದರು. ತರಗತಿಯಲ್ಲಿ ಇದನ್ನು ತೋರಿಸುವುದು ಸುಲಭ: ಡಬ್ಬಗಳ್ಳಿಯನ್ನು ಕೊಯ್ದರೆ ಹಾಲು ಬರುವುದಿಲ್ಲ, ಲೋಳೆ ಬರುತ್ತದೆ.

ಭಾರತಕ್ಕೆ ಬಂದದ್ದು ಒಂದೇ ಡಬ್ಬಗಳ್ಳಿಯಲ್ಲ, ಹಲವು. ಅವುಗಳಲ್ಲಿ ನಮ್ಮ ಕಥೆಗೆ ಮುಖ್ಯವಾದವು ಎರಡು. ಒಂದು ಒಪನ್ಷಿಯ ಮೊನಕ್ಯಾಂತ. ಗ್ರೀಕಿನಲ್ಲಿ ಮೊನಕ್ಯಾಂತ ಎಂದರೆ ಒಂಟಿ ಮುಳ್ಳಿನದು. ಬ್ರೆಜಿಲ್, ಉರುಗ್ವೆ, ಅರ್ಜೆಂಟೀನ ಕಡೆಯದು. ಇದು ಗಿಡ್ಡ ಮರದಂತೆ ಆಳೆತ್ತರವನ್ನು ಮೀರಿ ಬೆಳೆಯುತ್ತದೆ. ಹಲಗೆಗಳು ತೆಳುವು, ಹೊಳೆಯುವ ತಿಳಿಹಸಿರು. ಪ್ರತಿಯೊಂದು ಮುಳ್ಳುಗಣ್ಣಿನಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಉದ್ದ ಮುಳ್ಳು. ಇನ್ನೊಂದು ಒಪನ್ಷಿಯ ಡಿಲ್ಲೆನಿ. ಇದು ಕೆರಿಬಿಯನ್ ದ್ವೀಪಗಳು ಮತ್ತು ಮೆಕ್ಸಿಕೋ ಕೊಲ್ಲಿಯ ತೀರದ್ದು. ಪೊದೆಯಾಗಿ ಹರಡುತ್ತದೆ. ಹಲಗೆ ದಪ್ಪ, ನೀಲಿ ಛಾಯೆಯ ಹಸಿರು. ಒಂದೊಂದು ಕಣ್ಣಿನಲ್ಲಿ ಹಲವು ಹಳದಿ ಮುಳ್ಳುಗಳಿದ್ದು ಅವು ಚಪ್ಪಟೆಯಾಗಿ ತುಸು ಬಾಗಿರುತ್ತವೆ. ಇಂದು ಅನೇಕ ಸಸ್ಯವಿಜ್ಞಾನಿಗಳು ಇದನ್ನು ಒಪನ್ಷಿಯ ಸ್ಟ್ರಿಕ್ಟ ಎಂಬ ಪ್ರಭೇದದ ಒಂದು ಬಗೆ ಎಂದು ಪರಿಗಣಿಸುತ್ತಾರೆ. ಇದರ ಜೊತೆಗೆ ದಖ್ಖನಿನಲ್ಲಿ ಕಂದು ಮುಳ್ಳಿನ ಒಪನ್ಷಿಯ ಎಲೇಟಿಯರ್ ಕೂಡ ಇದೆ. ಅದರ ಹೂವು ಕಿತ್ತಳೆಯಿಂದ ಕೆಂಪಿಗೆ ತಿರುಗುತ್ತದೆ. ಈ ಕಥೆಯ ಮಟ್ಟಿಗೆ ಅದು ಡಿಲ್ಲೆನಿಯ ಪಕ್ಷದ್ದು.

ಇಷ್ಟು ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಆದರೂ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇವನ್ನು ಬೇರ್ಪಡಿಸಿ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ಎಲ್ಲರ ಕಣ್ಣೂ ಕೆಂಪು ಬಣ್ಣದ ಮೇಲಿತ್ತು.

ಸ್ಪೇನಿನ ಗುಟ್ಟು

ಮೆಕ್ಸಿಕೋದ ಮೂಲನಿವಾಸಿಗಳು ಡಬ್ಬಗಳ್ಳಿಯ ಮೇಲೆ ಒಂದು ಹುಳುವನ್ನು ಸಾಕಿ, ಒಣಗಿಸಿ, ಕೆಂಪು ಬಣ್ಣ ತೆಗೆಯುತ್ತಿದ್ದರು. ಡ್ಯಾಕ್ಟಿಲೋಪಿಯಸ್ ಕಾಕಸ್ ಎಂಬ ಈ ಹುಳುವೇ ನಿಜವಾದ ಕಾಚಿನೀಲ್. ಒಣಗಿದ ಹುಳುವಿನ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಕಾರ್ಮಿನಿಕ್ ಆಮ್ಲ. ಒಂದು ಪೌಂಡು ಬಣ್ಣದ ಸರಕಿಗೆ ಸುಮಾರು 70,000 ಹುಳುಗಳು ಬೇಕು. ಮೆಕ್ಸಿಕೋವನ್ನು ಗೆದ್ದ ಸ್ಪೇನ್ ಈ ವ್ಯಾಪಾರವನ್ನು ತನ್ನ ಮುಷ್ಟಿಯಲ್ಲಿಟ್ಟುಕೊಂಡಿತು. ಒಣಗಿದ ಕಾಚಿನೀಲ್ ಕಾಳಿನಂತೆ ಕಾಣುವುದರಿಂದ ಅದು ಬೀಜವೋ ಹುಳುವೋ ಎಂಬುದೇ ಯೂರೋಪಿಗೆ ಬಹುಕಾಲ ತಿಳಿಯಲಿಲ್ಲ. ಕೊನೆಗೆ ಲೀವೆನ್‌ಹುಕ್ ಮುಂತಾದವರ ಸೂಕ್ಷ್ಮದರ್ಶಕವೇ ಆ ವಾದವನ್ನು ತೀರ್ಮಾನಿಸಬೇಕಾಯಿತು.

ಇಲ್ಲಿ ನಮ್ಮ ಭೌತವಿಜ್ಞಾನಕ್ಕೂ ಒಂದು ಪಾಲಿದೆ. ಡಚ್ ದೇಶದ ಕಾರ್ನೆಲಿಸ್ ಡ್ರೆಬೆಲ್ ಹದಿನೇಳನೆಯ ಶತಮಾನದ ಆರಂಭದಲ್ಲಿ ಉಷ್ಣಮಾಪಕಕ್ಕೆ ತುಂಬಲು ಕಾಚಿನೀಲ್ ದ್ರಾವಣವನ್ನು ಕಿಟಕಿಯಲ್ಲಿಟ್ಟಿದ್ದನಂತೆ. ಆಮ್ಲ ಚೆಲ್ಲಿ, ಕಿಟಕಿಯ ತವರ ಕರಗಿ ದ್ರಾವಣಕ್ಕೆ ಸೇರಿತಂತೆ. ನಸುಗೆಂಪು ದ್ರಾವಣ ಕಣ್ಣು ಕೋರೈಸುವ ಕಡುಗೆಂಪಾಯಿತು. ಕಥೆ ಎಷ್ಟು ನಿಜವೋ, ತವರದ ಲವಣ ಸೇರಿಸಿದರೆ ಕಾಚಿನೀಲ್ ಉಜ್ವಲವಾಗುತ್ತದೆ ಎಂಬುದಂತೂ ನಿಜ. ಇಂಗ್ಲಿಷ್ ಸೈನ್ಯದ ಅಧಿಕಾರಿಗಳ ಕೆಂಪು ಕೋಟು ಈ ಬಣ್ಣದ್ದೇ. ಸಾಮಾನ್ಯ ಸಿಪಾಯಿಯ ಕೋಟಿಗೆ ಅಗ್ಗದ ಮಂಜಿಷ್ಠದ ಕೆಂಪೇ ಗತಿ.

ಆದ್ದರಿಂದ ಈಸ್ಟ್ ಇಂಡಿಯಾ ಕಂಪನಿಗೆ ಭಾರತದಲ್ಲಿ ಕಾಚಿನೀಲ್ ಸಾಕಬೇಕೆಂಬ ಆಸೆ ಹುಟ್ಟಿತು. ಮದರಾಸಿನ ಮುಖ್ಯ ವೈದ್ಯಾಧಿಕಾರಿ ಜೇಮ್ಸ್ ಆಂಡರ್ಸನ್ 1786ರಿಂದ ಲಂಡನ್ನಿನ ಜೋಸೆಫ್ ಬ್ಯಾಂಕ್ಸ್‌ಗೆ ಪತ್ರದ ಮೇಲೆ ಪತ್ರ ಬರೆದರು. ಮೊದಲು ಮದರಾಸಿನ ಹುಲ್ಲಿನ ಮೇಲೆ ಕಂಡ ಒಂದು ಸ್ಥಳೀಯ ಹುಳುವನ್ನೇ ಕಾಚಿನೀಲ್ ಎಂದು ಭಾವಿಸಿದ್ದರು. ಬ್ಯಾಂಕ್ಸ್ ಅದನ್ನು ಒಪ್ಪಲಿಲ್ಲ. ಆಂಡರ್ಸನ್ ಎದೆಗುಂದದೆ ಸೈದಾಪೇಟೆಯಲ್ಲಿ ಡಬ್ಬಗಳ್ಳಿಯ ತೋಟವನ್ನೇ ಎಬ್ಬಿಸಿದರು. ತೋಟ ಸಿದ್ಧವಾಯಿತು, ಹುಳು ಬರಲಿಲ್ಲ.

1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ರಿಯೊ ಡಿ ಜನೈರೊದಿಂದ ಬರುವಾಗ ಡಬ್ಬಗಳ್ಳಿಯ ಸಮೇತ ಹುಳುಗಳನ್ನು ಕಲ್ಕತ್ತೆಗೆ ತಂದ. ಕಂಪನಿಯ ಸಸ್ಯೋದ್ಯಾನದ ವಿಲಿಯಂ ರಾಕ್ಸ್‌ಬರ್ಗ್ ಅವನ್ನು ಸಾಕತೊಡಗಿದರು. ಆದರೆ ಮೆಕ್ಸಿಕೋದ ಹುಳುವೆಂದುಕೊಂಡು ತಂದದ್ದು ಬ್ರೆಜಿಲಿನ ಕಾಡುಹುಳು. ಗಾತ್ರದಲ್ಲಿ ಚಿಕ್ಕದು, ಮೇಣ ಹೆಚ್ಚು, ಬಣ್ಣ ಕಡಿಮೆ. ಒಳ್ಳೆಯ ಕಾಚಿನೀಲ್‌ಗೆಂದೇ ತರಿಸಿದ್ದ ಡಬ್ಬಗಳ್ಳಿಗಳ ಮೇಲೆ ಅದು ಸರಿಯಾಗಿ ಬೆಳೆಯಲಿಲ್ಲ. ಆಗಲೇ ಬಂಗಾಳದ ಬೇಲಿಗಳಲ್ಲಿ ಹರಡಿದ್ದ ಮೊನಕ್ಯಾಂತದ ಮೇಲೆ ಬಿಟ್ಟದ್ದೇ ತಡ, ಹುಲುಸಾಗಿ ಬೆಳೆಯಿತು. ತನ್ನ ತವರಿನ ಆಹಾರ ಸಿಕ್ಕಿತ್ತು, ತವರಿನ ವೈರಿಗಳು ಮಾತ್ರ ಇಲ್ಲಿರಲಿಲ್ಲ.

ಕಂಪನಿಯ ಬಣ್ಣದ ಕನಸು ಕೆಲವೇ ವರ್ಷಗಳಲ್ಲಿ ಕರಗಿತು. ಇಲ್ಲಿಯ ಸರಕಿಗೆ ಮೆಕ್ಸಿಕೋದ ಸರಕಿನ ಬೆಲೆ ಸಿಗಲಿಲ್ಲ. ಹುಳುವೇ ಗಿಡವನ್ನು ಹೀರಿ ಹಾಕಿದ್ದರಿಂದ ಸಾಕಲು ಗಿಡವೂ ಉಳಿಯಲಿಲ್ಲ. 1856ರಲ್ಲಿ ಪರ್ಕಿನ್ ಕೃತಕ ವರ್ಣಗಳ ಬಾಗಿಲು ತೆರೆದ ಮೇಲೆ ಕೀಟದ ಬಣ್ಣದ ದೊಡ್ಡ ವ್ಯಾಪಾರಕ್ಕೇ ಕುತ್ತು ಬಂತು.

ಸೋಲಿನೊಳಗಿನ ಗೆಲುವು

ಆದರೆ ಬಣ್ಣದ ಲೆಕ್ಕದಲ್ಲಿ ಸೋತ ಹುಳು ಇನ್ನೊಂದು ಲೆಕ್ಕದಲ್ಲಿ ಗೆದ್ದಿತು. ಅದು ಹೋದಲ್ಲೆಲ್ಲ ಮೊನಕ್ಯಾಂತದ ಪೊದೆಗಳು ಕುಸಿದವು. ಬೇಲಿ ಹಾಳಾಯಿತೆಂದು ಕೆಲವರು ಗೊಣಗಿದರೆ, ಹೊಲ ಬಿಡುಗಡೆಯಾಯಿತೆಂದು ಕೆಲವರು ಹಿಗ್ಗಿದರು. 1836–38ರ ಸುಮಾರಿಗೆ ಈ ಹುಳುವನ್ನು ಉತ್ತರದಿಂದ ದಕ್ಷಿಣ ಭಾರತಕ್ಕೆ ತಂದು ಬಿಡಲಾಯಿತು. ಈ ಸಲ ಉದ್ದೇಶ ಬಣ್ಣವಲ್ಲ, ಕಳೆಯನ್ನು ಕೊಲ್ಲುವುದು. 1863ರಲ್ಲಿ ಸಿಲೋನಿಗೂ ಒಯ್ದರು. ಕಳೆಗಿಡವನ್ನು ಕೀಟದಿಂದ ಬೇಕೆಂದೇ ನಿಯಂತ್ರಿಸಿದ ಜಗತ್ತಿನ ಮೊದಲ ಯಶಸ್ವಿ ಉದಾಹರಣೆ ಎಂದು ದಕ್ಷಿಣ ಭಾರತದ ಈ ಪ್ರಯೋಗವನ್ನೇ ಹೇಳಲಾಗುತ್ತದೆ. ಜೈವಿಕ ನಿಯಂತ್ರಣವೆಂದರೆ ಆಸ್ಟ್ರೇಲಿಯ, ಅಮೆರಿಕಗಳಿಂದ ಕಲಿತದ್ದು ಎಂದು ನಮ್ಮ ಎಷ್ಟೋ ಪಾಠಗಳು ಹೇಳುತ್ತವೆ. ಶಿಕ್ಷಕರು ಈ ಸಾಲನ್ನು ತಿದ್ದಿ ಹೇಳಬಹುದು.

ಹೆಸರಿನ ಗೊಂದಲ ಅಷ್ಟಕ್ಕೇ ನಿಲ್ಲಲಿಲ್ಲ. 1896ರಲ್ಲಿ ಗ್ರೀನ್ ಈ ಹುಳುವನ್ನು ಸಿಲೋನಿನ ಮಾದರಿಗಳಿಂದ ವರ್ಣಿಸಿದ್ದರಿಂದ ಅದಕ್ಕೆ ಸಿಲೋನಿಕಸ್ ಎಂಬ ಹೆಸರು ಬಂತು. ದಕ್ಷಿಣ ಅಮೆರಿಕದ ಹುಳುವಿಗೆ ಸಿಂಹಳದ ಹೆಸರು! ಗಿಡದ ಪಾಡೂ ಅದೇ. ಮೊನಕ್ಯಾಂತವನ್ನು ಹಳೆಯ ಪುಸ್ತಕಗಳು ಒಪನ್ಷಿಯ ವಲ್ಗಾರಿಸ್ ಎನ್ನುತ್ತವೆ. ಆ ಹೆಸರು ಮೂಲತಃ ಬೇರೊಂದು ಡಬ್ಬಗಳ್ಳಿಗೆ ಸಲ್ಲಬೇಕಾದದ್ದೆಂದು 1993ರಲ್ಲಿ ಲಾಯೆನ್‌ಬರ್ಗರ್ ತೋರಿಸಿಕೊಟ್ಟರು. ಹಳೆಯ ವರದಿ ಓದುವ ವಿದ್ಯಾರ್ಥಿಗಳು ವಲ್ಗಾರಿಸ್ ಎಂದು ಕಂಡಲ್ಲಿ ಒಮ್ಮೆ ನಿಂತು ಯೋಚಿಸಬೇಕು.

ಒಂಟಿಮುಳ್ಳಿನ ಗಿಡ ಹಿಂದೆ ಸರಿದರೂ ಡಬ್ಬಗಳ್ಳಿಯ ಕಾಟ ತೀರಲಿಲ್ಲ. ಹಲವು ಮುಳ್ಳಿನ ಡಿಲ್ಲೆನಿ, ಅದರೊಡನೆ ಎಲೇಟಿಯರ್, ಒಣನಾಡಿನ ಬೇಲಿ, ಗೋಮಾಳ, ಹಳೆಯ ಕೋಟೆಗಳ ಸುತ್ತ ಬೆಳೆದು ನಿಂತವು. ಸಿಲೋನಿಕಸ್ ಹುಳು ಇವುಗಳ ಮೇಲೆ ನೆಲೆಯೂರಲಿಲ್ಲ. ಒಂದೇ ಬೇಲಿಯಲ್ಲಿ ಎರಡೂ ಗಿಡಗಳಿದ್ದರೆ ಒಂದು ಸಾಯುತ್ತಿತ್ತು, ಇನ್ನೊಂದು ನಗುತ್ತಿತ್ತು. ಈ ಬೇರೆತನ ಜನರಿಗೆ ಅರ್ಥವಾಗಲು ಗಿಡಗಳ ಸರಿಯಾದ ಗುರುತು ಬೇಕಿತ್ತು. ಭಾರತದಲ್ಲಿ ಕಾಡುಬಿದ್ದ ಡಬ್ಬಗಳ್ಳಿಗಳನ್ನು ಬರ್ಕಿಲ್ ಎಂಬ ಸಸ್ಯವಿಜ್ಞಾನಿ ಪ್ರಭೇದವಾರು ವಿಂಗಡಿಸಿ ಪ್ರಕಟಿಸಿದ್ದು 1911ರಲ್ಲಿ. ಅಂದರೆ ಹುಳು ಬಂದು ನೂರಹದಿನಾರು ವರ್ಷಗಳಾದ ಮೇಲೆ!

ಅದೇ ಹೊತ್ತಿಗೆ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಡಬ್ಬಗಳ್ಳಿಯಲ್ಲಿ ಮುಳುಗುತ್ತಿತ್ತು. ಅಲ್ಲಿಂದ ಜಾನ್‌ಸ್ಟನ್ ಮತ್ತು ಟ್ರಯನ್ ಎಂಬ ಇಬ್ಬರು ವಿಜ್ಞಾನಿಗಳ ಆಯೋಗ ಜಗತ್ತು ಸುತ್ತುತ್ತ ಭಾರತಕ್ಕೂ ಸಿಲೋನಿಗೂ ಬಂತು. ಇಲ್ಲಿಯ ಹುಳು ಅಲ್ಲಿಗೆ ಹೋಗಿ 1914ರ ಸುಮಾರಿಗೆ ಅಲ್ಲಿನ ಮೊನಕ್ಯಾಂತವನ್ನು ತೊಡೆದುಹಾಕಿತು. ಭಾರತದಿಂದಲೇ 1913ರಲ್ಲಿ ದಕ್ಷಿಣ ಆಫ್ರಿಕಕ್ಕೂ ಹೋಗಿ ಅಲ್ಲೂ ಗೆದ್ದಿತು. ಆದರೆ ಆಸ್ಟ್ರೇಲಿಯದ ನಿಜವಾದ ಪೀಡೆ ಡಿಲ್ಲೆನಿಯ ಬಂಧುವಾದ ಸ್ಟ್ರಿಕ್ಟ. 1925ರ ವೇಳೆಗೆ ಅದು ಸುಮಾರು 6 ಕೋಟಿ ಎಕರೆಗಳಲ್ಲಿ ಹರಡಿತ್ತು. ಅರ್ಜೆಂಟೀನದಿಂದ ತಂದ ಕ್ಯಾಕ್ಟೊಬ್ಲಾಸ್ಟಿಸ್ ಪತಂಗದ ಮರಿಹುಳುಗಳು ಅದನ್ನು ಕೆಲವೇ ವರ್ಷಗಳಲ್ಲಿ ತಿಂದು ಮುಗಿಸಿದವು. ಬೂನಾರ್ಗ ಎಂಬ ಊರಿನವರು 1936ರಲ್ಲಿ ಆ ಪತಂಗದ ಹೆಸರಿನಲ್ಲಿ ಒಂದು ಸ್ಮಾರಕ ಭವನವನ್ನೇ ಕಟ್ಟಿದರು.

ಆಸ್ಟ್ರೇಲಿಯದವರು ತರಿಸಿದ್ದ ಇನ್ನೊಂದು ಕೀಟ ಡ್ಯಾಕ್ಟಿಲೋಪಿಯಸ್ ಒಪನ್ಷಿಯೆ. ಇದು ಉತ್ತರ ಅಮೆರಿಕದ ಕಾಚಿನೀಲ್. ಸಿಲೋನಿನ ಮೂಲಕ 1926ರಲ್ಲಿ ಇದು ದಕ್ಷಿಣ ಭಾರತಕ್ಕೆ ಬಂತು. ಸಿಲೋನಿಕಸ್ ಮುಟ್ಟದೆ ಬಿಟ್ಟಿದ್ದ ಡಿಲ್ಲೆನಿಯನ್ನೂ ಎಲೇಟಿಯರನ್ನೂ ಇದು ಹಿಡಿಯಿತು. ಐದಾರು ವರ್ಷಗಳಲ್ಲಿ ಸುಮಾರು 40,000 ಹೆಕ್ಟೇರುಗಳಿಗೆ ಹರಡಿತೆಂದು ಜೈವಿಕ ನಿಯಂತ್ರಣದ ಗ್ರಂಥಗಳು ಲೆಕ್ಕ ಕೊಡುತ್ತವೆ. ಭೀಮಾ ತೀರದಲ್ಲಿ ನಮ್ಮ ವಿದ್ಯಾರ್ಥಿನಿಯ ಬೆರಳನ್ನು ಕೆಂಪಾಗಿಸಿದ್ದು ಈ ಎರಡನೆಯ ಹುಳು. ಗಿಡವನ್ನು ನೋಡಿದರೇ ಅದನ್ನು ಊಹಿಸಬಹುದು. ಆ ಬೇಲಿಯಲ್ಲಿದ್ದದ್ದು ದಪ್ಪ ಹಲಗೆಯ, ಹಲವು ಮುಳ್ಳಿನ ಬಗೆ. ಮೂರು ತಾಲೂಕುಗಳ ನನ್ನ ಓಡಾಟದಲ್ಲಿ ತೆಳು ಹಲಗೆಯ ಒಂಟಿಮುಳ್ಳಿನ ಗಿಡ ನನಗೆ ಇನ್ನೂ ಸಿಕ್ಕಿಲ್ಲ.

ಹುಳು ಬೇಲಿಯಿಂದ ಬೇಲಿಗೆ ಹೋಗುವ ರೀತಿಯೂ ಸ್ವಾರಸ್ಯದ್ದು. ಬೆಳೆದ ಹೆಣ್ಣಿಗೆ ರೆಕ್ಕೆಯಿಲ್ಲ. ಕುಳಿತಲ್ಲೇ ಹೀರುತ್ತ ಅಲ್ಲೇ ಸಾಯುತ್ತದೆ. ಆಗತಾನೆ ಹೊರಬಂದ ಮರಿ ಒಂದು ಮಿಲಿಮೀಟರಿಗೂ ಚಿಕ್ಕದು. ಅದರ ಮೈಮೇಲೆ ಉದ್ದನೆಯ ಮೇಣದ ಎಳೆಗಳಿರುತ್ತವೆ. ಇಷ್ಟು ಚಿಕ್ಕ ಕಾಯಕ್ಕೆ ತೂಕಕ್ಕಿಂತ ಗಾಳಿಯ ಘರ್ಷಣೆಯೇ ದೊಡ್ಡದು. ಎಳೆಗಳು ಅದನ್ನು ಇನ್ನೂ ಹೆಚ್ಚಿಸುತ್ತವೆ. ಬೀಳುವ ವೇಗ ಅತ್ಯಲ್ಪವಾದ್ದರಿಂದ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ನಮ್ಮ ಬಯಲುಸೀಮೆಯ ಬೇಸಿಗೆಯ ಗಾಳಿ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ರಾತ್ರಿ ಉಸಿರಾಡುವ ಗಿಡ

ನಲವತ್ತು ಡಿಗ್ರಿ ಬಿಸಿಲಿನಲ್ಲಿ ಜೋಳದ ದಂಟು ಒಣಗಿ ನಿಂತಾಗಲೂ ಡಬ್ಬಗಳ್ಳಿ ಹಸಿರಾಗಿರುವುದು ಹೇಗೆ? ಈ ಪ್ರಶ್ನೆಯಲ್ಲಿ ಎರಡು ಪ್ರಭೇದಗಳೂ ಒಂದೇ. ಬೇರೆ ಗಿಡಗಳು ಹಗಲು ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರುತ್ತವೆ. ಡಬ್ಬಗಳ್ಳಿ ರಾತ್ರಿ ಹೀರಿ, ಅದನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲು ರಂಧ್ರ ಮುಚ್ಚಿಕೊಂಡು ಬಿಸಿಲಿನಲ್ಲಿ ಸಕ್ಕರೆ ಮಾಡುತ್ತದೆ. ಇದರ ಲಾಭವನ್ನು ಹೀಗೆ ಲೆಕ್ಕ ಹಾಕೋಣ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸಂತೃಪ್ತ ಆವಿಯ ಒತ್ತಡ 7.38 ಕಿಲೊಪ್ಯಾಸ್ಕಲ್, 25 ಡಿಗ್ರಿಯಲ್ಲಿ 3.17. ಗಾಳಿಯಲ್ಲಿರುವ ಆವಿಯ ಒತ್ತಡ ಹಗಲೂ ರಾತ್ರಿಯೂ 1.6 ಎಂದಿಟ್ಟುಕೊಳ್ಳಿ. ಗಿಡದೊಳಗಿನ ತೇವಕ್ಕೂ ಹೊರಗಿನ ಗಾಳಿಗೂ ನಡುವಿನ ವ್ಯತ್ಯಾಸ ಹಗಲು 5.78, ರಾತ್ರಿ 1.57. ಅಂದರೆ ಅದೇ ರಂಧ್ರದಿಂದ ಅಷ್ಟೇ ಹೊತ್ತಿನಲ್ಲಿ ರಾತ್ರಿ ಹೋಗುವ ನೀರು ಹಗಲಿನ ಕಾಲು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು.

ಈ ವಿದ್ಯೆಯ ಮೊದಲ ಸುಳಿವುಗಳಲ್ಲೊಂದು ಸಿಕ್ಕಿದ್ದೂ ದಕ್ಷಿಣ ಭಾರತದಲ್ಲಿ. ಮೆಕೆಂಜಿಯ ಮೈಸೂರು ಸರ್ವೇಕ್ಷಣೆಯಲ್ಲಿ ಸಸ್ಯವಿಜ್ಞಾನಿಯಾಗಿದ್ದ ಬೆಂಜಮಿನ್ ಹೈನೆ, ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ತುಸು ಕಹಿ ಎಂದು ಸ್ವತಃ ಅಗಿದು ನೋಡಿ ತಿಳಿಸಿದ. ಅದು ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ 1815ರಲ್ಲಿ ಪ್ರಕಟವಾಯಿತು. ಉಪಕರಣವೆಂದರೆ ನಾಲಿಗೆ! ಶಾಲೆಯಲ್ಲಿ ಲಿಟ್ಮಸ್ ಕಾಗದ ಸಾಕು. ಡಬ್ಬಗಳ್ಳಿಯ ಹುಳುವಿನಿಂದಲೂ ಒಂದು ಪ್ರಯೋಗ ಸಾಧ್ಯ. ಚಿಮಟದಿಂದ ಹುಳು ತೆಗೆದು ನೀರಿನಲ್ಲಿ ಅರೆದು ಸೋಸಿ, ಒಂದು ಪಾಲಿಗೆ ನಿಂಬೆರಸ, ಇನ್ನೊಂದಕ್ಕೆ ಅಡುಗೆ ಸೋಡ ಹಾಕಿರಿ. ಮೊದಲನೆಯದು ಕಿತ್ತಳೆಯತ್ತ, ಎರಡನೆಯದು ನೇರಳೆಯತ್ತ ತಿರುಗುತ್ತದೆ. ಗಿಡವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಉದ್ದ ಮುಳ್ಳಿಗಿಂತ ಕಣ್ಣಿನ ಬುಡದ ನವಿರು ಮುಳ್ಳುಗಳೇ ಕೆಟ್ಟವು.

ಈಗ ಯಾಕೆ ಈ ಮಾತು

ಮುಳ್ಳಿಲ್ಲದ ಡಬ್ಬಗಳ್ಳಿಯನ್ನು ಒಣಭೂಮಿಯಲ್ಲಿ ಮೇವಿಗಾಗಿ ಬೆಳೆಯಬೇಕೆಂಬ ಮಾತು ಇತ್ತೀಚೆಗೆ ಬಲವಾಗಿದೆ. ಇದು ಒಪನ್ಷಿಯ ಫೈಕಸ್ ಇಂಡಿಕ ಎಂಬ ಮೂರನೆಯ ಬಂಧು. ಕೇಂದ್ರ ಸರ್ಕಾರದ ಭೂಸಂಪನ್ಮೂಲ ಇಲಾಖೆ 2022ರಿಂದ ಪಾಳುಭೂಮಿಯಲ್ಲಿ ಇದನ್ನು ಬೆಳೆಸಲು ಉತ್ತೇಜನ ಕೊಡುತ್ತಿದೆ. ಮೇವಿಗಷ್ಟೇ ಅಲ್ಲ, ಜೈವಿಕ ಅನಿಲಕ್ಕೂ ಆದೀತೆಂಬ ಲೆಕ್ಕಾಚಾರವಿದೆ. ತೊಗರಿ ನೆಚ್ಚಿಕೊಂಡ ನಮ್ಮ ಮೂರು ತಾಲೂಕುಗಳಿಗೆ, ಬೇಸಿಗೆಯಲ್ಲಿ ಮೇವು ಹುಡುಕುವ ಕುರಿಗಾರರಿಗೆ ಇದು ಆಕರ್ಷಕವೇ. 1972ರ ಬರಗಾಲದಲ್ಲಿ ಹಲಗೆಗಳ ಮುಳ್ಳು ಸುಟ್ಟು ದನಗಳಿಗೆ ಹಾಕಿದ್ದನ್ನು ಆ ಮುತ್ಯಾ ನೆನೆದುಕೊಂಡರು.

ಆದರೆ ಒಪನ್ಷಿಯೆ ಹುಳು ಫೈಕಸ್ ಇಂಡಿಕವನ್ನೂ ಕೊಲ್ಲಬಲ್ಲದು. ಮೊರಾಕ್ಕೋದಲ್ಲಿ 2014ರಲ್ಲಿ ಕಾಣಿಸಿಕೊಂಡ ಈ ಹುಳು ಅಲ್ಲಿನ ಡಬ್ಬಗಳ್ಳಿ ತೋಟಗಳನ್ನು ಹಳ್ಳಿಹಳ್ಳಿಯಾಗಿ ನಾಶ ಮಾಡಿತು. ಇಸ್ರೇಲ್, ಲೆಬನಾನ್‌ಗಳಲ್ಲೂ ಅದೇ ಆಯಿತು. ಇಥಿಯೋಪಿಯದ ತಿಗ್ರಾಯ್ ಪ್ರಾಂತದಲ್ಲಿ 2000ದ ದಶಕದಲ್ಲಿ ಬಣ್ಣಕ್ಕಾಗಿಯೇ ತಂದ ನಿಜವಾದ ಕಾಚಿನೀಲ್ ಕೈಮೀರಿ ಹರಡಿ, ಜನರ ಆಹಾರವಾಗಿದ್ದ ಡಬ್ಬಗಳ್ಳಿಗೆ ಪಿಡುಗಾಯಿತು. ಬಣ್ಣಕ್ಕೆಂದು ತಂದದ್ದು ಗಿಡವನ್ನೇ ನುಂಗಿದ ಕಲ್ಕತ್ತೆಯ ಕಥೆ ಎರಡು ಶತಮಾನಗಳ ಮೇಲೆ ಮರುಕಳಿಸಿದಂತಾಯಿತು.

ಹಾಗಾದರೆ ನಮ್ಮ ಬೇಲಿಯ ಹುಳುವಿನಿಂದ ಮುಳ್ಳಿಲ್ಲದ ಗಿಡಕ್ಕೆ ಅಪಾಯ ಖಚಿತವೇ? ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ದಕ್ಷಿಣ ಆಫ್ರಿಕದಲ್ಲಿ 1938ರಲ್ಲಿ ಫೈಕಸ್ ಇಂಡಿಕದ ವಿರುದ್ಧ ಬಿಟ್ಟ ಒಪನ್ಷಿಯೆ ಹುಳು ಸ್ಟ್ರಿಕ್ಟದ ಮೇಲೆ ಕೆಲಸ ಮಾಡಲಿಲ್ಲ. ಕ್ರೂಗರ್ ಅಭಯಾರಣ್ಯದ ಸ್ಟ್ರಿಕ್ಟವನ್ನು ತಡೆಯಲು ಅದೇ ಪ್ರಭೇದದ ಬೇರೊಂದು ಬಗೆಯನ್ನು 1997ರಲ್ಲಿ ಆಸ್ಟ್ರೇಲಿಯದಿಂದ ತರಬೇಕಾಯಿತು. ಒಂದೇ ಹೆಸರಿನ ಹುಳುವಿನಲ್ಲೂ ಎರಡು ರುಚಿ! ಭಾರತಕ್ಕೆ 1926ರಲ್ಲಿ ಬಂದ ಹುಳುವಿನ ದಾರಿಯೂ ಆಸ್ಟ್ರೇಲಿಯದಿಂದಲೇ ಆರಂಭವಾಗಿತ್ತು ಎಂಬುದು ಸ್ವಲ್ಪ ಧೈರ್ಯ ಕೊಡುವ ಸಂಗತಿ. ಆದರೆ ಧೈರ್ಯವನ್ನು ನೆಚ್ಚಿ ನೂರಾರು ಎಕರೆ ನೆಡುವುದು ಜಾಣತನವಲ್ಲ. ಬೇಲಿಯ ಹುಳುವನ್ನು ಮುಳ್ಳಿಲ್ಲದ ಗಿಡದ ಕೆಲವು ಹಲಗೆಗಳ ಮೇಲೆ, ಬಲೆಯ ಪಂಜರದೊಳಗೆ, ಒಂದೆರಡು ತಲೆಮಾರು ಸಾಕಿ ನೋಡಿದರೆ ಉತ್ತರ ಸಿಗುತ್ತದೆ. ಇದಕ್ಕೆ ದುಬಾರಿ ಉಪಕರಣ ಬೇಡ. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರ ಯೋಜನಾಕಾರ್ಯಕ್ಕೆ ಇದು ಯೋಗ್ಯ ವಿಷಯ. ಹುಳುವನ್ನು ತಿನ್ನುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿಹುಳು ನಮ್ಮಲ್ಲಿ ದ್ರಾಕ್ಷಿ ತೋಟದ ಹಿಟ್ಟುತಿಗಣೆಗೆ ಆಗಲೇ ಬಳಕೆಯಲ್ಲಿದೆ. ಅದೂ 1898ರಲ್ಲಿ ಆಸ್ಟ್ರೇಲಿಯದಿಂದ ಬಂದದ್ದೇ.

ಮುಳ್ಳಿಲ್ಲದ ಡಬ್ಬಗಳ್ಳಿಯ ವಿಷಯವನ್ನು ಆ ದಿನ ಮುತ್ಯಾನಿಗೆ ವಿವರಿಸಿದೆ. ಸಾವಧಾನವಾಗಿ ಕೇಳಿ, "ಮುಳ್ಳೇ ಇಲ್ಲಂದ್ರ ಕುರಿ ಬಿಡ್ತಾವೇನ್ರಿ ಸರ್, ಅದಕ್ಕ ಬ್ಯಾರೆ ಬೇಲಿ ಹಾಕಬೇಕಲ್ರಿ?" ಎಂದರು. ಯಾವ ಬೇಲಿ ಹಾಕುತ್ತೀರಿ ಎಂದು ಕೇಳಿದೆ. ಬಿಳಿ ಮಚ್ಚೆ ಹತ್ತಿದ್ದ ಆ ಹಳೆಯ ಡಬ್ಬಗಳ್ಳಿಯ ಕಡೆಗೇ ಕೋಲು ತೋರಿಸಿದರು.